ಹಗುರ ಲಂಗರು: ತೂಕ ನೋಡಿ ಅಲ್ಲ, ತಳ ನೋಡಿ ಆರಿಸಿ

2025ರ ಜೂಬಿಲಿ ವರ್ಷದ ಲಾಂಛನವನ್ನು ನಮ್ಮ ಧರ್ಮಕೇಂದ್ರಗಳ ಬ್ಯಾನರುಗಳಲ್ಲಿ ಎಲ್ಲರೂ ನೋಡಿದ್ದೇವೆ. ನಾಲ್ವರು ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದಾರೆ, ಮುಂದಿರುವವರು ಶಿಲುಬೆಯನ್ನು ಹಿಡಿದಿದ್ದಾರೆ, ಆ ಶಿಲುಬೆಯ ಕೆಳತುದಿ ಅಲೆಗಳ ಕಡೆಗೆ ಇಳಿದು ಲಂಗರಾಗಿದೆ. ರೋಮಿನ ನೆಲದಡಿಯ ಸಮಾಧಿಗಳ ಕಾಲದಿಂದಲೂ ಲಂಗರು ಕ್ರೈಸ್ತರಿಗೆ ಭರವಸೆಯ ಗುರುತು. ಆದರೆ ಚಿತ್ರಗಳಲ್ಲಿ ಕಾಣುವ ಆ ಎರಡು ಕೊಕ್ಕೆಯ ಲಂಗರನ್ನು ಚಿಕ್ಕ ಹಾಯಿದೋಣಿಗೆಂದು ಇಂದು ಕೊಳ್ಳುವವರು ಬಹಳ ವಿರಳ. ಈಗ ಹೊಸದಾಗಿ ದೋಣಿ ಕೊಂಡವರು ವಿಚಾರಿಸುವುದು ಅಲ್ಯೂಮಿನಿಯಂ ಮಿಶ್ರಲೋಹದ ಲಂಗರನ್ನು. ಒಂದೇ ಕೈಯಲ್ಲಿ ಎತ್ತಬಹುದಾದ ಈ ವಸ್ತು ದೋಣಿಯನ್ನು ಹಿಡಿದು ನಿಲ್ಲಿಸುತ್ತದೆಯೇ ಎಂಬ ಅನುಮಾನ ಸಹಜ. ಅದಕ್ಕೆ ಉತ್ತರ ಹೌದು ಎಂಬುದೂ ನಿಜ, ಅಲ್ಲ ಎಂಬುದೂ ನಿಜ. ಯಾವಾಗ ಹೌದು, ಯಾವಾಗ ಅಲ್ಲ ಎಂಬುದನ್ನು ತಿಳಿದುಕೊಂಡ ಮೇಲೆಯೇ ಹಣ ಕೊಡುವುದು ಒಳ್ಳೆಯದು.

ಈ ವಿಷಯವನ್ನು ಬೆಂಗಳೂರಿನಿಂದ ಆರಂಭಿಸಲು ಕಾರಣವಿದೆ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಹಲಸೂರು, ಇಂದಿರಾನಗರ, ಕೆ.ಆರ್. ಪುರಂ ಕಡೆ ನೆಲೆಸಿವೆ. ಊರಿನಲ್ಲಿ ಮೊಂತಿ ಫೆಸ್ತ್ ನಡೆಯುವ ಸೆಪ್ಟೆಂಬರ್ 8ರಂದು ಅವರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಹಬ್ಬಕ್ಕೆ ಹೋಗುತ್ತಾರೆ. ಹಾಯಿದೋಣಿ ನಡೆಸುವುದನ್ನು ಕ್ರಮವಾಗಿ ಕಲಿಸುವ ಜಾಗಗಳು ರಾಜ್ಯದಲ್ಲಿ ಕಡಿಮೆ. ಅವುಗಳಲ್ಲಿ ಮುಖ್ಯವಾದದ್ದು ಕಡಲ ತೀರದಲ್ಲಿಲ್ಲ, ಹಲಸೂರು ಕೆರೆಯಲ್ಲಿದೆ. ಕೆರೆಯ ಪಕ್ಕದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರವಿದೆ. ಅವರ ಹಾಯಿದೋಣಿ ಕ್ಲಬ್ಬಿಗೆ 'ತೃಷ್ಣಾ' ಎಂಬ ಹೆಸರು. ಸೇನೆಯ ಎಂಜಿನಿಯರ್ ದಳದವರು 1985ರಿಂದ 1987ರವರೆಗೆ ಭೂಮಿಯನ್ನು ಒಂದು ಸುತ್ತು ಹಾಕಿ ಬಂದ ದೋಣಿಯ ಹೆಸರೂ ಅದೇ. ಹಾಯಿದೋಣಿಯಲ್ಲಿ ಭಾರತೀಯರು ಜಗತ್ತು ಸುತ್ತಿದ್ದು ಅದೇ ಮೊದಲು.

ಕೆರೆಯಲ್ಲಿ ಮಕ್ಕಳು ಕಲಿಯುವುದು ಆಪ್ಟಿಮಿಸ್ಟ್‌ನಂಥ ಪುಟ್ಟ ದೋಣಿಗಳಲ್ಲಿ. ಅದರ ಉದ್ದ 2.3 ಮೀಟರ್, ಖಾಲಿ ದೋಣಿಯ ತೂಕ 35 ಕಿಲೋ. ಸ್ವಲ್ಪ ದೊಡ್ಡವರು ನಡೆಸುವ ಲೇಸರ್ ದೋಣಿಯ ಒಡಲು 59 ಕಿಲೋ. ಸ್ಪರ್ಧೆಯ ಈ ದೋಣಿಗಳಲ್ಲಿ ಸಾಮಾನ್ಯವಾಗಿ ಲಂಗರು ಇರುವುದಿಲ್ಲ. ತೊಂದರೆಯಾದರೆ ಮೋಟಾರು ದೋಣಿಯವರು ಬಂದು ಎಳೆದೊಯ್ಯುತ್ತಾರೆ. ಹೀಗಾಗಿ ಗಾಳಿಯನ್ನು ಚೆನ್ನಾಗಿ ಓದಬಲ್ಲ, ಹಾಯಿಯನ್ನು ಚುರುಕಾಗಿ ತಿರುಗಿಸಬಲ್ಲ ಹದಿನೇಳರ ಹುಡುಗ ಒಂದು ಸಲವೂ ಲಂಗರು ಇಳಿಸದೆ ಕಲಿಕೆ ಮುಗಿಸಿರಬಹುದು. ರಜೆಯಲ್ಲಿ ಅವನು ಊರಿಗೆ ಬಂದು, ಮಾವನದೋ ಗೆಳೆಯರದೋ ದೋಣಿಯಲ್ಲಿ ಹೊಳೆಗೆ ಇಳಿಯುತ್ತಾನೆ. ಮಧ್ಯಾಹ್ನ ಗಾಳಿ ನಿಲ್ಲುತ್ತದೆ, ಇಳಿತ ಶುರುವಾಗುತ್ತದೆ, ನೀರು ಅಳಿವೆ ಬಾಗಿಲಿನ ಕಡೆ ಸೆಳೆಯುತ್ತದೆ. ಅಳಿವೆಯಲ್ಲಿ ಅಲೆ ಒಡೆಯುತ್ತಿರುತ್ತದೆ. ಹಾಯಿ ಕೆಲಸ ಮಾಡದ ಆ ಹೊತ್ತಿನಲ್ಲಿ ದೋಣಿಗೆ ಇರುವ ಬ್ರೇಕು ಲಂಗರೊಂದೇ.

ಹಿಡಿಯುವುದು ಭಾರವಲ್ಲ

ಲಂಗರು ಭಾರವಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಹಳೆಯದು. ಅದು ಕಲ್ಲಿನ ಲಂಗರಿನ ಕಾಲದ್ದು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದ್ವಾರಕೆಯ ಸಮುದ್ರದಲ್ಲಿ ತೂತು ಕೊರೆದ ಅಂಥ ಕಲ್ಲುಗಳನ್ನು ಪತ್ತೆ ಮಾಡಿದ್ದಾರೆ. ಕಲ್ಲು ಅಥವಾ ಸಿಮೆಂಟ್ ಗಟ್ಟಿ ನಿಜಕ್ಕೂ ಭಾರದಿಂದಲೇ ಹಿಡಿಯುತ್ತದೆ, ಅದಕ್ಕೇ ಅದು ಕಡಿಮೆ ಹಿಡಿಯುತ್ತದೆ. 10 ಕಿಲೋ ಸಿಮೆಂಟ್ ಗಟ್ಟಿಯನ್ನು ನೀರಿಗಿಳಿಸಿದರೆ ಅಲ್ಲಿ ಅದರ ತೂಕ 6 ಕಿಲೋಗಿಂತ ಕಡಿಮೆ. ನಿಂತ ನೀರಿನ ಕೆರೆಯಲ್ಲಿ ಒಂದು ತೇಲು ಗುರುತನ್ನು ಕಟ್ಟಿಡಲು ಅಷ್ಟು ಸಾಕು, ಹೊಳೆಯ ಸೆಳೆತದಲ್ಲಿ ದೋಣಿಗೆ ಸಾಲದು.

ಸರಿಯಾದ ಲಂಗರು ನೆಲಕ್ಕೆ ಕಚ್ಚಿಕೊಂಡು ಹೂತುಹೋಗುತ್ತದೆ. ಅದರ ಅಲಗುಗಳ ಮೇಲೆ ಕುಳಿತ ಮಣ್ಣೇ ದೋಣಿಯನ್ನು ಹಿಡಿಯುವುದು. ಗದ್ದೆ ಉಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇಗಿಲು ಭಾರದಿಂದ ಇಳಿಯುವುದಿಲ್ಲ, ಗುಳ ನೆಲಕ್ಕೆ ತಾಗುವ ಕೋನದಿಂದ ಇಳಿಯುತ್ತದೆ. ಮರಾಠಿಯಲ್ಲಿ ನೇಗಿಲಿಗೂ ಲಂಗರಿಗೂ 'ನಾಂಗರ' ಎಂಬ ಒಂದೇ ಮಾತಿದೆ. ಹಾಗೆ ಕರೆದವರಿಗೆ ಲಂಗರಿನ ಗುಟ್ಟು ಗೊತ್ತಿತ್ತು ಎನಿಸುತ್ತದೆ.

ಹಗುರ ಲಂಗರಿನ ಬೇಡಿಕೆ ಮೊದಲು ಬಂದದ್ದು ಹಾಯಿದೋಣಿಯವರಿಂದಲ್ಲ, ನೀರಿನ ಮೇಲೆ ಇಳಿಯುವ ವಿಮಾನಗಳಿಂದ. ವಿಮಾನದಲ್ಲಿ ಒಂದೊಂದು ಕಿಲೋಗೂ ಲೆಕ್ಕ. ಬ್ರಿಟನ್ನಿನ ವಿಜ್ಞಾನಿ ಜಿ. ಐ. ಟೇಲರ್ 1933ರಲ್ಲಿ ನೇಗಿಲಿನ ಆಕಾರದ ಲಂಗರನ್ನು ರೂಪಿಸಿದ್ದು ಇಂಥ ವಿಮಾನಗಳಿಗಾಗಿ. ಬೆಂಗಳೂರಿನ ಪೂರ್ವಭಾಗ ಈ ವಿಮಾನಗಳನ್ನು ಕಂಡಿದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕ್ಯಾಟಲೀನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು, 1940ರಲ್ಲಿ ಆರಂಭವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವುಗಳನ್ನು ನೋಡಿಕೊಳ್ಳುತ್ತಿದ್ದರು. ಅದೇ ಕಾಲಕ್ಕೆ ಅಮೆರಿಕದಲ್ಲಿ ರಿಚರ್ಡ್ ಡ್ಯಾನ್‌ಫೋರ್ತ್ ಎಂಬವರು ಎರಡು ಚಪ್ಪಟೆ ಅಲಗುಗಳು ಕೀಲಿನ ಮೇಲೆ ಆಡುವ ಇನ್ನೊಂದು ಲಂಗರನ್ನು ಮಾಡಿದರು. ಯುದ್ಧದಲ್ಲಿ ದಡಕ್ಕೆ ಏರಿಸಿದ ದೋಣಿಗಳು ತಮ್ಮನ್ನು ತಾವೇ ಹಿಂದಕ್ಕೆ ಎಳೆದುಕೊಳ್ಳಲು ಇವನ್ನು ಬಳಸಿದವು. ಇಂದು ಅಂಗಡಿಯಲ್ಲಿ ಸಿಗುವ ಮಿಶ್ರಲೋಹದ ಹಗುರ ಲಂಗರುಗಳಲ್ಲಿ ಹೆಚ್ಚಿನವು ಈ ಡ್ಯಾನ್‌ಫೋರ್ತ್ ವಂಶದವೇ. ಅಮೆರಿಕದ ಫೋರ್ಟ್ರೆಸ್ ಇವುಗಳಲ್ಲಿ ಪ್ರಸಿದ್ಧ.

ಲೆಕ್ಕ ನೋಡಿದರೆ ಆಸೆಯಾಗುತ್ತದೆ. 16ರಿಂದ 27 ಅಡಿ ಉದ್ದದ ದೋಣಿಗೆಂದು ಫೋರ್ಟ್ರೆಸ್ ಸೂಚಿಸುವ ಲಂಗರಿನ ತೂಕ 1.8 ಕಿಲೋ, ಅದಕ್ಕಿಂತ ಒಂದು ಅಳತೆ ದೊಡ್ಡದರ ತೂಕ 3.2 ಕಿಲೋ. 25 ಅಡಿಯ ದೋಣಿಗೆ ಉಕ್ಕಿನ ನೇಗಿಲು ಲಂಗರಾದರೆ 7ರಿಂದ 10 ಕಿಲೋ ಬೇಕಾಗುತ್ತದೆ. ಚಿಕ್ಕ ದೋಣಿಯ ಮೂತಿಯಲ್ಲಿ ಅಷ್ಟು ಭಾರ ಕುಳಿತರೆ ದೋಣಿ ಅಲೆಗೆ ಮುಖ ಒಡ್ಡಿ ಮುಗ್ಗರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮನುಷ್ಯ ಸ್ವಭಾವ. ಭಾರದ ಲಂಗರನ್ನು ಜನ "ಇವತ್ತು ಇಲ್ಲೇ ತಾನೇ" ಎಂದು ಮನೆಯ ಜಗಲಿಯಲ್ಲೇ ಬಿಟ್ಟುಹೋಗುತ್ತಾರೆ. ದೋಣಿಯನ್ನು ಟ್ರೈಲರಿನಲ್ಲಿ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿಸಿ 350 ಕಿಲೋಮೀಟರ್ ತರುವವರಂತೂ ಒಂದೊಂದು ಸಾಮಾನನ್ನೂ ತೂಗಿ ನೋಡುತ್ತಾರೆ. ಬಿಚ್ಚಿ ಚೀಲದಲ್ಲಿ ಮಡಚಿಡಬಹುದಾದ ಲಂಗರು ದೋಣಿಯಲ್ಲೇ ಉಳಿಯುತ್ತದೆ ಎಂಬುದು ಅದರ ದೊಡ್ಡ ಗುಣ.

ತಳ ಯಾವುದು?

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ದೋಣಿಯ ಉದ್ದ ಎಷ್ಟೆಂಬುದಷ್ಟೇ ಅಲ್ಲ, ದೋಣಿ ನಿಲ್ಲುವ ಜಾಗದ ತಳ ಎಂಥದ್ದು ಎಂಬುದು. ಹೊಯಿಗೆ ತಳದಲ್ಲಿ ಡ್ಯಾನ್‌ಫೋರ್ತ್ ಮಾದರಿಯ ಹಗುರ ಲಂಗರಿಗೆ ಸಮನಾದವು ಕಡಿಮೆ. ಹಿಡಿದ ಮೇಲೆ ತನ್ನ ತೂಕದ ಎಷ್ಟೋ ಪಟ್ಟು ಸೆಳೆತ ತಡೆಯುತ್ತದೆ. ಮೆತ್ತನೆಯ ಕೆಸರಿನಲ್ಲೂ ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಅಲಗಿನ ಕೋನ ಬದಲಿಸಬೇಕು. ಹೊಯಿಗೆಗೆ ದಂಡ ಮತ್ತು ಅಲಗಿನ ನಡುವೆ 32 ಡಿಗ್ರಿ, ಕೆಸರಿಗೆ 45 ಡಿಗ್ರಿ. ಒಳ್ಳೆಯ ಕಂಪನಿಯ ಲಂಗರಿನಲ್ಲಿ ಎರಡಕ್ಕೂ ಅವಕಾಶ ಇರುತ್ತದೆ. 45ಕ್ಕೆ ಇಟ್ಟು ಮರೆತು ಗಟ್ಟಿ ಹೊಯಿಗೆಯಲ್ಲಿ ಇಳಿಸಿದರೆ ಲಂಗರು ಕಚ್ಚದೆ ಮೇಲೆಯೇ ಜಾರುತ್ತದೆ. 2014ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ಮೆದು ಕೆಸರಿನಲ್ಲಿ ಹಲವು ಲಂಗರುಗಳನ್ನು ಎಳೆದು ನೋಡಿದಾಗ ಉಕ್ಕಿನ ಹೆಸರಾಂತ ಲಂಗರುಗಳಿಗಿಂತ 45 ಡಿಗ್ರಿಯ ಫೋರ್ಟ್ರೆಸ್ ಬಹಳ ಮುಂದಿತ್ತು. ಆ ಪರೀಕ್ಷೆ ನಡೆಸಿದವರು ಫೋರ್ಟ್ರೆಸ್ ಕಂಪನಿಯವರೇ ಎಂಬುದನ್ನು ಮರೆಯಬಾರದು. ಆದರೂ ಅಗಲ ಅಲಗು ಮೆದು ಕೆಸರಿನಲ್ಲಿ ಹೆಚ್ಚು ಹಿಡಿಯುತ್ತದೆ ಎಂಬ ತರ್ಕ ಸರಿಯಾದದ್ದೇ.

ಬಂಡೆಯಲ್ಲಿ ಈ ಲಂಗರನ್ನು ನಂಬಲೇಬೇಡಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿದವರಿಗೆ ಅದರ ಸುತ್ತಲಿನ ನೀರಿನಡಿ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅಲ್ಲಿ ಚಪ್ಪಟೆ ಅಲಗಿಗೆ ಹೂತುಕೊಳ್ಳಲು ಮಣ್ಣಿಲ್ಲ. ಒಂದು ವೇಳೆ ಸಂದಿನಲ್ಲಿ ಸಿಕ್ಕಿಕೊಂಡರೂ ಅಡ್ಡ ಎಳೆತಕ್ಕೆ ತೆಳು ಅಲಗು ಬಾಗುತ್ತದೆ. ಇಂಥ ಕಡೆ ನಮ್ಮ ನಾಡದೋಣಿಯವರು ಬಳಸುವ ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರೇ ಮೇಲು. ಜೊಂಡು, ಬೇರು, ಕಳೆ ಇರುವ ತಳದಲ್ಲೂ ಹಗುರ ಲಂಗರು ಸೋಲುತ್ತದೆ, ಏಕೆಂದರೆ ಕಳೆಯನ್ನು ಸೀಳಿ ಕೆಳಗಿಳಿಯಲು ಬೇಕಾದ ಭಾರ ಅದಕ್ಕಿಲ್ಲ. ಪೇಟೆಯ ನಡುವಿನ ಕೆರೆಗಳಲ್ಲಿ ಹೂಳಿನ ಜೊತೆ ಪ್ಲಾಸ್ಟಿಕ್ಕು, ಬಟ್ಟೆ, ತಂತಿಯ ತುಂಡುಗಳೂ ಇರುತ್ತವೆ. ಎರಡು ಅಲಗುಗಳ ನಡುವೆ ಒಂದು ಚೀಲ ಸಿಕ್ಕಿಕೊಂಡರೆ ಅಲಗು ಆಡುವುದು ನಿಲ್ಲುತ್ತದೆ, ಆಮೇಲೆ ಅದು ಬರಿಯ ಲೋಹದ ತುಂಡು.

ಕರಾವಳಿಯ ಹೊಳೆಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸುಮಾರು ಆರು ಗಂಟೆಗೊಮ್ಮೆ ಅಳಿವೆಯ ಒಳಗಿನ ಸೆಳೆತ ಹಿಂದುಮುಂದಾಗುತ್ತದೆ. ದೋಣಿ ತಿರುಗಿ ಎದುರು ದಿಕ್ಕಿಗೆ ಎಳೆದಾಗ ಹೂತ ಲಂಗರು ಕಿತ್ತುಕೊಂಡು ಬರಬಹುದು. ಉಕ್ಕಿನ ಹೊಸ ಮಾದರಿಯ ಲಂಗರುಗಳಲ್ಲಿ ಹಲವು ಮಗುಚಿ ಮತ್ತೆ ಕಚ್ಚಿಕೊಳ್ಳುತ್ತವೆ. ಆಡುವ ಅಲಗಿನ ಹಗುರ ಲಂಗರು ಮತ್ತೆ ಕಚ್ಚುತ್ತದೆಂಬ ಭರವಸೆ ಇಲ್ಲ. ಚಿಪ್ಪು, ಕಲ್ಲು ಕೀಲಿನಲ್ಲಿ ಸಿಕ್ಕಿರಬಹುದು, ಹಗ್ಗ ಅಡ್ಡಕೋಲಿಗೆ ಸುತ್ತಿಕೊಂಡಿರಬಹುದು. ನನ್ನ ಅಭಿಪ್ರಾಯದಲ್ಲಿ ನೇತ್ರಾವತಿಯಲ್ಲೋ ಸ್ವರ್ಣೆಯಲ್ಲೋ ರಾತ್ರಿ ದೋಣಿ ಕಟ್ಟಿ ಮಲಗುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು. ಹಗಲಿನಲ್ಲಿ ಎರಡು ಗಂಟೆ ನಿಲ್ಲಲು, ಗಾಳಿ ಬಿದ್ದಾಗ ಹಿಡಿದುಕೊಳ್ಳಲು, ಮರಳದಿಬ್ಬಕ್ಕೆ ಹತ್ತಿದ ದೋಣಿಯನ್ನು ಎಳೆದುಕೊಳ್ಳಲು ಇದಕ್ಕಿಂತ ಅನುಕೂಲದ್ದು ಇಲ್ಲ. ಉಕ್ಕಿನದೊಂದು, ಹಗುರದ್ದೊಂದು ಎರಡೂ ಇದ್ದರೆ ಉತ್ತಮ.

ಹಗ್ಗದಲ್ಲಿ ಜಿಪುಣತನ ಬೇಡ

ಕೆರೆಯಲ್ಲಿ ಕಲಿತವರು ಹೆಚ್ಚಾಗಿ ಎಡವುವುದು ಹಗ್ಗದ ಉದ್ದದಲ್ಲಿ. ಲಂಗರು ನೆಲ ಕಚ್ಚಬೇಕಾದರೆ ಎಳೆತ ತಳಕ್ಕೆ ಸಮಾನಾಂತರವಾಗಿರಬೇಕು. ಮೇಲ್ಮುಖವಾಗಿ ಎಳೆದರೆ ಅದೇ ಲಂಗರು ಸಲೀಸಾಗಿ ಬಿಟ್ಟುಕೊಡುತ್ತದೆ. ಅದಕ್ಕಾಗಿ ಆಳದ ಏಳು ಪಟ್ಟು ಹಗ್ಗ ಬಿಡಬೇಕೆಂಬ ರೂಢಿ ಇದೆ. ಆಳ ಎಂದರೆ ನೀರಿನ ಆಳ ಮಾತ್ರ ಅಲ್ಲ. ಉದಾಹರಣೆಗೆ ಇಳಿತದಲ್ಲಿ 3 ಮೀಟರ್ ನೀರಿದೆ ಎನ್ನಿ. ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಉಬ್ಬರಕ್ಕೆ ಏರುವ ನೀರು ಒಂದೂವರೆ ಮೀಟರ್ ಸೇರಿಸಿದರೆ ಐದೂವರೆ ಮೀಟರ್. ಏಳರಿಂದ ಗುಣಿಸಿದರೆ 38 ಮೀಟರಿಗೂ ಮೇಲೆ. ಬರಿಯ 3 ಮೀಟರಿಗೆ ಲೆಕ್ಕ ಹಾಕಿ 21 ಮೀಟರ್ ಬಿಟ್ಟವನ ಹಗ್ಗ ಉಬ್ಬರದ ಹೊತ್ತಿಗೆ ನಾಲ್ಕು ಪಟ್ಟೂ ಇರುವುದಿಲ್ಲ. ನೀರು ಏರಿಳಿಯದ ಹಲಸೂರು ಕೆರೆಯಲ್ಲಿ ಈ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.

ಹಗುರ ಲಂಗರಿಗೆ ಸರಪಳಿ ಕಡ್ಡಾಯ. ಲಂಗರಿನ ದಂಡವನ್ನು ತಳಕ್ಕೆ ಒತ್ತಿ ಹಿಡಿಯುವುದು, ಕಲ್ಲು ಚಿಪ್ಪುಗಳಿಗೆ ಉಜ್ಜಿ ಹಗ್ಗ ಕಡಿಯದಂತೆ ನೋಡುವುದು ಅದರ ಕೆಲಸ. 6 ಮಿಲಿಮೀಟರಿನ ಸತುಲೇಪಿತ ಸರಪಳಿ ಮೀಟರಿಗೆ ಸುಮಾರು 0.8 ಕಿಲೋ ತೂಗುತ್ತದೆ, ನಾಲ್ಕೈದು ಮೀಟರ್ ಇದ್ದರೆ ಚಿಕ್ಕ ದೋಣಿಗೆ ಸಾಕು. ಉಳಿಸಿದ ತೂಕವೆಲ್ಲ ಇಲ್ಲೇ ಹೋಯಿತಲ್ಲ ಎನ್ನಬೇಡಿ, ಸರಪಳಿ ತಳದಲ್ಲಿ ಕೆಲಸಕ್ಕೆ ಬರುವ ಜಾಗದಲ್ಲೇ ಇದೆ. ಹಗ್ಗ ನೈಲಾನಿನದಾಗಲಿ, ಅದು ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ನೀರಿನ ಮೇಲೆ ತೇಲುತ್ತದೆ, ಹಾದುಹೋಗುವ ಮೀನುಗಾರಿಕಾ ದೋಣಿಯ ಪಂಕಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಬೇಗ ಬೂದಿಯಾಗುತ್ತದೆ.

ಎಷ್ಟು ಬಲ ಬೇಕೆಂಬುದಕ್ಕೆ ಒಂದು ಅಂದಾಜು: ಅಮೆರಿಕದಲ್ಲಿ ದೋಣಿ ಕಟ್ಟುವವರು ಅನುಸರಿಸುವ ಕೋಷ್ಟಕದ ಪ್ರಕಾರ 25 ಅಡಿಯ ದೋಣಿಗೆ ಗಂಟೆಗೆ 55 ಕಿಲೋಮೀಟರ್ ಗಾಳಿಯಲ್ಲಿ ಸುಮಾರು 220 ಕಿಲೋ ಭಾರದಷ್ಟು ಸೆಳೆತ ಬರಬಹುದು. ಗಾಳಿ ಎರಡು ಪಟ್ಟಾದರೆ ಸೆಳೆತ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಕಂಪನಿಯ ಪಟ್ಟಿಯಲ್ಲಿ ನಿಮ್ಮ ದೋಣಿ ಎರಡು ಅಳತೆಗಳ ಗಡಿಯಲ್ಲಿದ್ದರೆ ದೊಡ್ಡದನ್ನೇ ಆರಿಸಿ. ಮಿಶ್ರಲೋಹದಲ್ಲಿ ಒಂದು ಅಳತೆ ಮೇಲೆ ಹೋದರೂ ಹೆಚ್ಚುವುದು ಒಂದೂವರೆ ಕಿಲೋ.

ಗುಜರಿಯ ಅಲ್ಯೂಮಿನಿಯಂ

ಬೆಂಗಳೂರಿನಲ್ಲಿ ಇರುವವರಿಗೆ ಒಂದು ವಿಶೇಷ ಆಸೆ ಹುಟ್ಟುತ್ತದೆ. ವಿಮಾನ ಕಾರ್ಖಾನೆ ಪಕ್ಕದಲ್ಲಿದೆ, ಶಿವಾಜಿನಗರದಲ್ಲಿ ಗುಜರಿ ಅಂಗಡಿಗಳಿವೆ, ಕೆ.ಆರ್. ಪುರಂ ಕಡೆ ವೆಲ್ಡಿಂಗ್ ಶೆಡ್ಡುಗಳಿವೆ. ಆಮದಿನ ಲಂಗರಿಗೆ ಅಷ್ಟು ಹಣ ಏಕೆ, ಚಿತ್ರ ತೋರಿಸಿ ಇಲ್ಲೇ ಮಾಡಿಸಿದರಾಯಿತು ಎನಿಸುತ್ತದೆ. ಇಲ್ಲಿ ಎಚ್ಚರ ಬೇಕು. ಅಲ್ಯೂಮಿನಿಯಂ ಎಂಬುದು ಒಂದೇ ಲೋಹದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ವಿಮಾನಗಳಲ್ಲಿ ಬಹುವಾಗಿ ಬಳಸುವ 2024 ಎಂಬ ಬಗೆಯಲ್ಲಿ ಸುಮಾರು 4 ಶೇಕಡಾ ತಾಮ್ರ ಇರುತ್ತದೆ. ಅದು ಬಲವಾದ ಲೋಹ, ಆದರೆ ಉಪ್ಪುನೀರಿನಲ್ಲಿ ಬೇಗ ತಿಂದುಹೋಗುತ್ತದೆ. ವಿಮಾನದ ಹಾಳೆಗಳಿಗೆ ಎಷ್ಟೋ ಕಡೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಹೊದಿಕೆ ಕೊಡುವುದೇ ಈ ಕಾರಣಕ್ಕೆ. ಕಡಲಿಗೆ ಒಗ್ಗುವುದು ಮೆಗ್ನೀಸಿಯಂ ಬೆರೆತ 5083ರಂಥ ಬಗೆಗಳು. ಹಡಗು, ದೋಣಿಗಳ ಒಡಲಿಗೆ ಬಳಸುವುದು ಅದನ್ನೇ. ಗುಜರಿಯ ತುಂಡಿನ ಮೇಲೆ ಇದಾವುದೂ ಬರೆದಿರುವುದಿಲ್ಲ, ಕಣ್ಣಿಗೆ ಎರಡೂ ಒಂದೇ.

ಬೆಸುಗೆಯದು ಇನ್ನೊಂದು ಸಮಸ್ಯೆ. ಕಾಯಿಸಿ ತಣಿಸಿ ಗಟ್ಟಿ ಮಾಡಿದ ಮಿಶ್ರಲೋಹವನ್ನು ಬೆಸೆದರೆ ಬೆಸುಗೆಯ ಪಕ್ಕದ ಪಟ್ಟಿ ಮೆತ್ತಗಾಗುತ್ತದೆ, ಲಂಗರು ಮುರಿಯುವುದು ಅಲ್ಲಿಯೇ. ಹೆಸರಾದ ಲಂಗರುಗಳಲ್ಲಿ ಬಿಡಿ ಭಾಗಗಳನ್ನು ಬೋಲ್ಟು ಹಾಕಿ ಜೋಡಿಸುವುದು ಬರಿಯ ಪ್ಯಾಕಿಂಗ್ ಅನುಕೂಲಕ್ಕಲ್ಲ. ಲೋಹದ ಬಗೆಯನ್ನು ಬಿಲ್ಲಿನಲ್ಲಿ ಬರೆದುಕೊಡದವರಿಂದ ಲಂಗರು ಕೊಳ್ಳಬೇಡಿ, ಅದು ಬೆಂಗಳೂರಾಗಲಿ ಬಂದರಾಗಲಿ.

ಕೈಗೆ ಬಂದ ಲಂಗರನ್ನು ದೋಣಿಗೆ ಹಾಕುವ ಮುನ್ನ ಪರೀಕ್ಷಿಸುವುದು ಸುಲಭ. ಇಳಿತದ ಹೊತ್ತಿಗೆ ಕಡಲದಂಡೆಯ ಒದ್ದೆ ಹೊಯಿಗೆಯ ಮೇಲೆ ಅದನ್ನು ಮಲಗಿಸಿ, ಸರಪಳಿ ಮತ್ತು ಇಪ್ಪತ್ತು ಮೀಟರ್ ಹಗ್ಗ ಕಟ್ಟಿ, ಇಬ್ಬರು ಹಗ್ಗವನ್ನು ನೆಲದ ಮಟ್ಟದಲ್ಲಿ ಹಿಡಿದು ಎಳೆಯಬೇಕು. ಒಳ್ಳೆಯ ಲಂಗರು ಒಂದೆರಡು ಮೀಟರಿನೊಳಗೆ ಮೂಗು ತಗ್ಗಿಸಿ ಹೂತುಕೊಳ್ಳುತ್ತದೆ, ಮತ್ತೆ ಇಬ್ಬರಿಂದ ಕದಲಿಸಲಾಗದು. ಈಗ ಒಬ್ಬರೇ ಹತ್ತಿರ ಹೋಗಿ ಹಗ್ಗವನ್ನು ನೇರ ಮೇಲಕ್ಕೆ ಎತ್ತಿ ನೋಡಿ, ಸುಲಭವಾಗಿ ಎದ್ದು ಬರುತ್ತದೆ. ಹಗ್ಗದ ಉದ್ದದ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಯುವಜನರ ಶಿಬಿರಗಳಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ತೋರಿಸಬಹುದು.

ನೀರಿನಲ್ಲಿ ಇಳಿಸುವಾಗ ಹಗುರ ಲಂಗರನ್ನು ಎಂದೂ ಬೀಸಿ ಎಸೆಯಬಾರದು. ಉಪ್ಪುನೀರಿನಲ್ಲಿ ಉಕ್ಕು ತನ್ನ ತೂಕದ ಎಂಟರಲ್ಲೊಂದು ಪಾಲು ಕಳೆದುಕೊಂಡರೆ ಅಲ್ಯೂಮಿನಿಯಂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. 3.2 ಕಿಲೋದ ಲಂಗರು ಅಲ್ಲಿ 2 ಕಿಲೋ ಮಾತ್ರ. ದೋಣಿ ಚಲಿಸುತ್ತಿದ್ದರೆ ಅದು ಎಲೆಯ ಹಾಗೆ ತೇಲಾಡಿ ಎಲ್ಲೋ ಬೀಳುತ್ತದೆ. ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಪೂರ್ತಿ ನಿಲ್ಲಿಸಿ, ಹಿಂದಕ್ಕೆ ಸರಿಯಲು ಆರಂಭಿಸಿದ ಮೇಲೆ ಕೈಯಿಂದ ನೆಟ್ಟಗೆ ಇಳಿಸಿ. ಆಳದ ಮೂರು ಪಟ್ಟು ಹಗ್ಗ ಹೋದಾಗ ಮೆಲ್ಲಗೆ ತಡೆದು ಕಚ್ಚಿಸಿ, ಉಳಿದದ್ದನ್ನು ಬಿಡಿ, ಕೊನೆಗೆ ಬಲವಾಗಿ ಜಗ್ಗಿ ನೋಡಿ. ದಡದ ಒಂದು ತೆಂಗಿನಮರವನ್ನೂ ಅದರ ಹಿಂದೆ ದೂರದಲ್ಲಿ ಕಾಣುವ ಇಗರ್ಜಿಯ ಗೋಪುರವನ್ನೂ ಒಂದೇ ಗೆರೆಯಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಗಮನಿಸಿ. ಗೆರೆ ತಪ್ಪುತ್ತಾ ಹೋದರೆ ಲಂಗರು ಜಾರುತ್ತಿದೆ. ಹಗ್ಗದ ಮೇಲೆ ಅಂಗೈ ಇಟ್ಟರೂ ತಿಳಿಯುತ್ತದೆ, ಹಿಡಿದ ಲಂಗರಿನ ಹಗ್ಗ ಬಿಗಿದು ಸಡಿಲಗೊಳ್ಳುತ್ತದೆ, ಜಾರುವ ಲಂಗರಿನ ಹಗ್ಗ ನಡುಗುತ್ತದೆ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದಿಡಿ. ಹಿತ್ತಾಳೆ, ತಾಮ್ರದ ಸಾಮಾನುಗಳ ಜೊತೆ ಒದ್ದೆಯಾಗಿ ಬಿಟ್ಟರೆ ಅಲ್ಯೂಮಿನಿಯಂ ಸವೆಯುತ್ತದೆ. ಸರಪಳಿಗೆ ಸೇರಿಸುವ ಶ್ಯಾಕಲ್ ಸತುಲೇಪಿತವಾಗಿರಲಿ, ಅದರ ತಿರುಪು ಬಿಚ್ಚಿಹೋಗದಂತೆ ತಂತಿ ಸುತ್ತಿರಲಿ. ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಿದ್ದೀರೋ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ, ಆತುರದಲ್ಲಿ ಹಗ್ಗವೂ ಲಂಗರೂ ಒಟ್ಟಿಗೆ ನೀರು ಸೇರಿದ ಉದಾಹರಣೆಗಳು ಎಲ್ಲ ಬಂದರುಗಳಲ್ಲೂ ಇವೆ. ಆ ತುದಿಯನ್ನು ಸರಪಳಿಯಿಂದಲ್ಲ, ಹಗ್ಗದಿಂದಲೇ ಕಟ್ಟಿ. ಲಂಗರು ಬಂಡೆಗೆ ಸಿಕ್ಕಿಕೊಂಡು ಅಲೆ ಏರುತ್ತಿದ್ದರೆ ಚಾಕುವಿನಿಂದ ಕಡಿದು ಬಿಡುಗಡೆಯಾಗಲು ದಾರಿ ಇರಬೇಕು.